ಚಿಕ್ಕಬಳ್ಳಾಪುರದ ಬೆಟ್ಟದ ಕೆಳಗೆ ಹೋಗಿ ಇರಬಹುದಾ? ಇದ್ದು ನೋಡಿದವರು ಹೇಳಿ

ರಾಜಾಜಿನಗರದವ:

ಎಲ್ಲರಿಗೂ ನಮಸ್ಕಾರ. ನಾವು ಮನೆಯಲ್ಲಿ ನಾಲ್ಕು ಜನ. ನಾನು, ಹೆಂಡತಿ, ಮೂರನೇ ಕ್ಲಾಸಿನ ಮಗಳು, 70 ದಾಟಿದ ಅಮ್ಮ. ನನಗೆ ಈಗ ವಾರಕ್ಕೆ ಒಂದೇ ದಿನ ಆಫೀಸು. ಉಳಿದ ದಿನ ಮನೆಯಿಂದಲೇ ಕೆಲಸ.

ಹೋದ ನವೆಂಬರ್‌ನಲ್ಲಿ ಕಳವಾರದ ಕಡೆ ಹೋಗಿದ್ದೆವು. ಬೆಳಗ್ಗೆ ಏಳು ಗಂಟೆಗೆ ಸ್ಕಂದಗಿರಿಯ ಸೊಂಟದವರೆಗೂ ಮಂಜು. ದ್ರಾಕ್ಷಿ ತೋಟ, ಹೂವಿನ ತೋಟ, ಎಲ್ಲೋ ನವಿಲು ಕೂಗಿದ್ದು. ಮಗಳು ಕಾರು ಹತ್ತೋಕೇ ಒಪ್ಪಲಿಲ್ಲ. ಅಲ್ಲೇ ಹತ್ತಿರ ಒಂದು ಎಕರೆ ನಾಲ್ಕು ಗುಂಟೆ ಮಾರಾಟಕ್ಕಿದೆ. ತೋಟದ ಮನೆ ಕಟ್ಟಿಕೊಂಡು ಅಲ್ಲೇ ಇದ್ದುಬಿಡೋಣ ಅಂತ ಆಸೆ. "ಸಾರ್, ಮುಂದಿನ ವಾರ ಬಂದರೆ ಈ ರೇಟಿಗೆ ಸಿಗಲ್ಲ" ಅಂತ ಬ್ರೋಕರ್ ದಿನಾ ಫೋನ್ ಮಾಡುತ್ತಾನೆ.

ಅಮ್ಮನಿಗೆ ಮಾತ್ರ ಇಷ್ಟವಿಲ್ಲ. ಅವರ ತವರು ಬಾಗೇಪಲ್ಲಿ ಕಡೆಯ ಹಳ್ಳಿ. "ಆ ಬಿಸಿಲು, ಆ ನೀರು ಬಿಟ್ಟು ಬಂದು ಐವತ್ತು ವರ್ಷ ಆಯ್ತು, ವಾಪಸ್ ಕಳಿಸ್ತೀಯಾ?" ಅನ್ನುತ್ತಾರೆ.

ಹೋಗಿ ಇದ್ದವರು ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬಿಡಿಸಿ ಹೇಳಿ.

ಸೊಗಡವರೆ:

ನವೆಂಬರ್‌ನಲ್ಲಿ ನೋಡಿದ್ದೀರಾ! ನವೆಂಬರ್‌ನಲ್ಲಿ ನಮ್ಮೂರು ಯಾರಿಗೆ ತಾನೇ ಚೆನ್ನಾಗಿ ಕಾಣಲ್ಲ? ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬನ್ನಿ ಸಾರ್, ಅದೇ ಜಮೀನಿನಲ್ಲಿ ಅರ್ಧ ಗಂಟೆ ನಿಂತುಕೊಳ್ಳಿ. ಕಾಗದ ಪತ್ರದ ವಿಷಯ ಆಮೇಲೆ ಬರೆಯುತ್ತೇನೆ. ಈಗ ಹಸು ಕರೆಯಬೇಕು.

ಬೆಟ್ಟದ ಟೀಚರ್:

ನಾವು ಮಲ್ಲೇಶ್ವರದಿಂದ 2018ರಲ್ಲಿ ಬಂದವರು. ಊರಿನ ಹೆಸರು ಬೇಡ. ಅಡುಗೆಮನೆ ಕಿಟಕಿಯಿಂದ ನಂದಿ ಬೆಟ್ಟದ ಸಾಲು ಕಾಣುತ್ತದೆ, ಅಷ್ಟು ಸಾಕು. ನಮ್ಮವರು ಬ್ಯಾಂಕಿನಿಂದ ರಿಟೈರ್ ಆಗಿದ್ದರು, ನಾನು ಸ್ಕೂಲು ಬಿಟ್ಟಿದ್ದೆ. ನಿಮ್ಮ ಹಾಗೇ ಮಂಜು ನೋಡಿ ಬಂದೆವು.

ಮೊದಲು ನೀರಿನ ಮಾತು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ ಈ ಬೆಟ್ಟಗಳ ಕಡೆ ಹುಟ್ಟುತ್ತವೆ ಅಂತ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನೇ. ಇಲ್ಲಿಗೆ ಬಂದು ನೋಡಿದರೆ ವರ್ಷವಿಡೀ ಹರಿಯೋದು ಒಂದೂ ಇಲ್ಲ. ಎಲ್ಲಾ ಬೋರ್‌ವೆಲ್. ನೀರು ನೋಡುವವರು ಬಂದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಜಮೀನೆಲ್ಲಾ ಓಡಾಡಿದರು. ಒಂದು ಕಡೆ ಕಾಯಿ ನೆಟ್ಟಗೆ ನಿಂತಿತು. ನಮ್ಮವರು ಆ ಜಾಗಕ್ಕೆ ಕುಂಕುಮ ಕೂಡ ಇಟ್ಟರು! ಗಾಡಿ ರಾತ್ರಿಯೆಲ್ಲಾ ಕೊರೆಯಿತು. 900 ಅಡಿಯವರೆಗೂ ಬರೀ ಬಿಳಿ ಪುಡಿ. ಪಕ್ಕದ ತೋಟದ ಅವರೆ ಗಿಡಗಳೆಲ್ಲಾ ಬೂದಿ ಬಳಿದ ಹಾಗೆ ಆಗಿದ್ದವು. 1,180 ಅಡಿಗೆ ಒಂದೂವರೆ ಇಂಚು ನೀರು ಬಂತು. ಎರಡನೇ ಬೇಸಿಗೆಗೆ ಅದು ಅರ್ಧ ಇಂಚು. ಎರಡನೆಯ ಬೋರ್ ಕೊರೆಸುವಾಗ ನಾನು ತೆಂಗಿನಕಾಯಿಯವರನ್ನು ಕರೆಸಲಿಲ್ಲ. ಅದಕ್ಕೂ ಮೊದಲಿನಷ್ಟೇ ನೀರು ಬಂತು, ಅದು ಬೇರೆ ಮಾತು.

ಬಂದ ನೀರನ್ನು ಹಾಗೇ ಕುಡಿಯಬೇಡಿ. ನಮ್ಮ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ನಮ್ಮ ಬೋರಿನದು ದಾಟಿತ್ತು. ಕುದಿಸಿದರೆ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಮಗುವಿಗೆ ಹಲ್ಲು ಬದಲಾಗುವ ವಯಸ್ಸು, ಇದನ್ನು ಸುಮ್ನೆ ತೆಗೆದುಕೊಳ್ಳಬೇಡಿ. ಊರಿನ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಅದು ಕೆಟ್ಟು ನಿಂತ ದಿನ ಪಕ್ಕದೂರಿಗೆ.

ಬೆಂಗಳೂರಿನ ಹೆಬ್ಬಾಳ, ನಾಗವಾರ ಕಡೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಈ ಕಡೆಯ ಕೆರೆಗಳಿಗೆ ಬಿಡುತ್ತಾರೆ, ಗೊತ್ತಿರಬಹುದು. ಕೆರೆ ತುಂಬಿದ ಮೇಲೆ ಅಕ್ಕಪಕ್ಕದ ಕೆಲವು ಬೋರ್‌ಗಳಿಗೆ ಜೀವ ಬಂದಿದ್ದು ನಿಜ. ಮೂರನೇ ಹಂತವನ್ನೂ ಮಾಡಿ ಬಿಡಿ ಅಂತ ಇಲ್ಲಿಯವರು ಕೇಳುತ್ತಲೇ ಇದ್ದಾರೆ. ನಾವು ಬಿಟ್ಟು ಬಂದ ಬಚ್ಚಲ ನೀರು ನಮ್ಮ ಹಿಂದೆಯೇ ಬಂತು ಅಂತ ನಮ್ಮವರು ತಮಾಷೆ ಮಾಡುತ್ತಾರೆ.

ಇನ್ನು ಕರೆಂಟು. ಇದನ್ನು ಬ್ರೋಕರ್ ಯಾವತ್ತೂ ಹೇಳಲ್ಲ. ಊರೊಳಗಿನ ಮನೆಗೆ ನಿರಂತರ ಜ್ಯೋತಿ ಲೈನು, ದಿನವಿಡೀ ಇರುತ್ತದೆ. ತೋಟದ ಮನೆಗೆ ಬಹಳ ಕಡೆ ಪಂಪ್‌ಸೆಟ್ ಲೈನೇ ಗತಿ. ಅದು ಪಾಳಿ ಲೆಕ್ಕ. ಒಂದು ವಾರ ಹಗಲು, ಒಂದು ವಾರ ರಾತ್ರಿ. ನಡುರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದಾಗ ಸ್ಟಾರ್ಟರ್ "ಟಕ್" ಅನ್ನುತ್ತದೆ, ಆಮೇಲೆ ಪೈಪಿನಲ್ಲಿ ಗಾಳಿ ಕೆಮ್ಮುತ್ತದೆ. ನನಗೆ ಈಗ ಅದು ಕೇಳದಿದ್ದರೇ ಎಚ್ಚರವಾಗುತ್ತದೆ. ನೀವು ಕಂಪ್ಯೂಟರ್ ಮುಂದೆ ದುಡಿಯುವವರು. ಸೋಲಾರ್, ಯುಪಿಎಸ್ ಖರ್ಚನ್ನು ಜಮೀನಿನ ರೇಟಿಗೇ ಸೇರಿಸಿ ಲೆಕ್ಕ ಹಾಕಿ.

ಅಕ್ಕಪಕ್ಕದವರ ವಿಷಯದಲ್ಲಿ ನನ್ನದೇ ತಪ್ಪು ಒಂದು ಹೇಳುತ್ತೇನೆ. ಬಂದ ಎರಡನೇ ವರ್ಷ ನಮ್ಮ ಮಾವಿನ ಹೂವಿಗೆ ಜಿಗಿಹುಳು ಬಿತ್ತು. ಪೇಟೆಯ ಅಂಗಡಿಯಲ್ಲಿ ಕೇಳಿ ಔಷಧಿ ತಂದು ಬೆಳಗ್ಗೆಯೇ ಹೊಡೆಸಿದೆ. ಗಾಳಿ ಯಾವ ಕಡೆ ಇದೆ ಅಂತ ಕೂಡ ನೋಡಲಿಲ್ಲ. ಬೇಲಿಯಾಚೆ ಹಿಪ್ಪುನೇರಳೆ ತೋಟ. ಅವರ ಮನೆಯಲ್ಲಿ ಇನ್ನೂರು ಮೊಟ್ಟೆ ರೇಷ್ಮೆ ಹುಳು ಸಾಕಿದ್ದರು (ಒಂದು ಚಿಟ್ಟೆ ಇಟ್ಟಿದ್ದಷ್ಟನ್ನೂ ಸೇರಿಸಿ ಒಂದು ಮೊಟ್ಟೆ ಅನ್ನುತ್ತಾರೆ). ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಸೊಪ್ಪು ಬಾಚಿ ತಿನ್ನುತ್ತಿದ್ದ ಸಮಯ. ಇನ್ನೊಂದು ವಾರಕ್ಕೆ ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಂಕಿ ತಟ್ಟೆಗೆ ಬಿಡಬೇಕಿತ್ತು.

ಮಾರನೇ ದಿನ ಸಂಜೆ ಆ ಯಜಮಾನರು ಒಂದು ಮಂಕರಿ ಹಿಡಿದು ನಮ್ಮ ಗೇಟಿಗೆ ಬಂದರು. ಒಳಗೆ ಹುಳುಗಳು ತಲೆ ಎತ್ತಿ ಆಡಿಸುತ್ತಾ ಹಸಿರು ನೀರು ಕಕ್ಕುತ್ತಿದ್ದವು. ಅವರು ಬೈಯಲಿಲ್ಲ. "ಹೊಡೆಯೋಕೆ ಮುಂಚೆ ಒಂದು ಮಾತು ಹೇಳಬಾರದಿತ್ತಾ ಮೇಡಂ" ಅಂದರು ಅಷ್ಟೇ. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಬೇಕಿದ್ದ ಗೂಡು ಅದು. ಮಗಳ ಕಾಲೇಜು ಫೀಸಿಗೆ ಅಂತ ಇಟ್ಟುಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು. ದುಡ್ಡು ಕೊಟ್ಟೆವು. ತೆಗೆದುಕೊಂಡರು. ಆದರೆ ತಿಂಗಳುಗಟ್ಟಲೆ ಬೇಲಿಯಾಚೆಯಿಂದ ಮಾತಿಲ್ಲ. ಡಿಸೆಂಬರ್‌ನಲ್ಲಿ ಒಂದು ದಿನ ಅವರ ಹೆಂಡತಿ ಒಂದು ಪುಟ್ಟಿ ಅವರೆಕಾಯಿ ಗೇಟಿನ ಹತ್ತಿರ ಇಟ್ಟು ಹೋಗಿದ್ದರು. ನಾನು ಹಿತಕಿದ ಬೇಳೆ ಸಾರು ಮಾಡಿ ಕೊಂಡೊಯ್ದೆ. ಉಪ್ಪು ಕಮ್ಮಿ ಅಂದರು.

ಹಾವು ಬರುತ್ತದೆ. ಚಿರತೆ ನಮ್ಮ ನಾಯಿಯನ್ನು ಹೊತ್ತುಕೊಂಡು ಹೋಯಿತು. ಶನಿವಾರ, ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ಬೆಟ್ಟಕ್ಕೆ ಹೋಗುವ ಬೈಕುಗಳ ಸದ್ದು ಶುರು. 2023ರಲ್ಲಿ ಆವಲಗುರ್ಕಿಯ ಆದಿಯೋಗಿ ಪ್ರತಿಮೆ ಬಂದ ಮೇಲೆ ರಜಾದಿನ ಸಂಜೆ ಪೇಟೆಗೆ ಹೋಗಿ ಬರೋದೇ ಕಷ್ಟ. ಅದೇ ಸೋಮವಾರ ಬೆಳಗ್ಗೆ ಕಾಫಿ ಹಿಡಿದು ಹೊರಗೆ ಕೂತರೆ, ನಿಜ ಹೇಳುತ್ತೇನೆ, ಮಲ್ಲೇಶ್ವರದ ನೆನಪೇ ಬರಲ್ಲ. ನಾವಂತೂ ವಾಪಸ್ ಹೋಗಲ್ಲ. ಆದರೆ ಈಗಿನ ಬುದ್ಧಿ ಆಗ ಇದ್ದಿದ್ದರೆ ಜಮೀನು ತೆಗೆದುಕೊಳ್ಳದೆ ಊರೊಳಗೆ ಬಾಡಿಗೆ ಮನೆ ಹಿಡಿದು ಮಾರ್ಚ್‌ನಿಂದ ಜೂನ್‌ವರೆಗೆ ಮೊದಲು ಇರುತ್ತಿದ್ದೆ.

ವಾಪಸ್ ಬಂದವ:

ನಾನು ಎರಡು ವರ್ಷ ಇದ್ದು ಬಿಟ್ಟು ಬಂದೆ. ನೀರು, ಕರೆಂಟು ಎಲ್ಲಾ ಹೇಗೋ ಆಗುತ್ತೆ. ಅಪ್ಪನಿಗೆ ರಾತ್ರಿ ಹನ್ನೊಂದಕ್ಕೆ ಎದೆನೋವು ಬಂತು. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಇಲ್ಲಿ ಆಗಲ್ಲ, ಬೆಂಗಳೂರಿಗೆ ಹೋಗಿ ಅಂದರು. ಹೈವೇ ಚೆನ್ನಾಗಿದೆ, ಒಂದು ಗಂಟೆಗೆ ತಲುಪಿದೆವು. ಅಪ್ಪ ಉಳಿದರು. ಆದರೆ ಆ ಒಂದು ಗಂಟೆ ನಾನು ಹಿಂದಿನ ಸೀಟಿನಲ್ಲಿ ಅವರ ಕೈ ಹಿಡಿದುಕೊಂಡು ಕೂತಿದ್ದೆನಲ್ಲ, ಆಮೇಲೆ ಯಾವ ಬೆಟ್ಟವೂ ಕಣ್ಣಿಗೆ ಹಿಡಿಸಲಿಲ್ಲ. ನಿಮ್ಮ ಅಮ್ಮನಿಗೆ ಬಿಪಿ, ಶುಗರ್ ಏನಾದರೂ ಇದ್ದರೆ ಪೇಟೆಗೆ ಐದಾರು ಕಿಲೋಮೀಟರ್ ಒಳಗೆ ನೋಡಿ.

ಸೊಗಡವರೆ:

ಹಸು ಕರೆದಾಯ್ತು, ಹಾಲು ಡೇರಿಗೂ ಹಾಕಿದ್ದಾಯ್ತು. ಟೀಚರಮ್ಮ ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ.

ಕಾಗದದ ವಿಷಯ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು. ಅದಕ್ಕೇ ನಿಮ್ಮ ಬ್ರೋಕರ್‌ಗೆ ಅಷ್ಟು ಹುರುಪು. ಆದರೆ ಅದು ಸರ್ಕಾರದಿಂದ ಮಂಜೂರಾದ ಜಮೀನಾ ಅಂತ ಮೊದಲು ನೋಡಿ. ಪರಿಶಿಷ್ಟರಿಗೆ ಮಂಜೂರಾಗಿದ್ದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. 2023ರ ತಿದ್ದುಪಡಿ ಆದ ಮೇಲೆ ಎಷ್ಟು ವರ್ಷ ಕಳೆದರೂ ಅವರು ವಾಪಸ್ ಕೇಳಬಹುದು. ಕೇಳೋದು ಅವರ ಹಕ್ಕು, ತಪ್ಪು ಕೊಂಡವರದ್ದು.

ಪಹಣಿಯಲ್ಲಿ ಜಂಟಿ ಹೆಸರಿದ್ದರೆ, ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡೋದು) ಆಗಿಲ್ಲದಿದ್ದರೆ, ಅಡ್ವಾನ್ಸ್ ಕೊಡಲೇಬೇಡಿ. ಅಣ್ಣ ಮಾರುತ್ತಾನೆ, ತಂಗಿ ಬೆಂಗಳೂರಿನಿಂದ ಬಂದು ಕೇಸು ಹಾಕುತ್ತಾಳೆ. ದಾರಿ ಮುಖ್ಯ. "ಕಾರು ಬಂತಲ್ಲ ಸಾರ್" ಅನ್ನುತ್ತಾರೆ. ಬಂದಿದ್ದು ಪಕ್ಕದವರ ಜಮೀನಿನ ಮೇಲೆ, ಅವರು ಒಳ್ಳೆಯವರು ಅಂತ! ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿ ಇದೆಯಾ ನೋಡಿ.

ಇನ್ನೊಂದು. ನಮ್ಮ ಕಡೆ ಮನೆ ಮಾತು ತೆಲುಗು ಇರುವವರು ಬಹಳ. ಕನ್ನಡ ಎಲ್ಲರಿಗೂ ಬರುತ್ತೆ. ಆದರೆ ಜಗಲಿ ಕಟ್ಟೆಯ ಮಾತು ಅರ್ಧ ಅದು, ಅರ್ಧ ಇದು. ಎರಡೂ ಬರದಿದ್ದರೆ ಎಲ್ಲರೂ ನಿಮ್ಮನ್ನೇ ಆಡಿಕೊಳ್ಳುತ್ತಿದ್ದಾರೆ ಅನಿಸುತ್ತೆ. ಮೊದಮೊದಲು ಆಡಿಕೊಳ್ಳುತ್ತೇವೆ ಕೂಡ.

ರಾಜಾಜಿನಗರದವ:

ತುಂಬಾ ಥ್ಯಾಂಕ್ಸ್. ಬ್ರೋಕರ್‌ಗೆ ಗ್ರಾಮ ನಕ್ಷೆ ಕಳಿಸಿ ಅಂದೆ. ಎರಡು ದಿನದಿಂದ ಫೋನ್ ಇಲ್ಲ!

ಮಾರ್ಚ್‌ನಿಂದ ಜೂನ್‌ವರೆಗೆ ಊರೊಳಗೆ, ಪೇಟೆಗೆ ಹತ್ತಿರ ಬಾಡಿಗೆ ಮನೆ ಸಿಗಬಹುದಾ? ರಜೆ ಶುರುವಾಗುವವರೆಗೆ ಮಗಳು, ಹೆಂಡತಿ ಇಲ್ಲೇ. ಮೊದಲು ನಾನು ಒಬ್ಬನೇ ಬಂದು ಇರುತ್ತೇನೆ.

ಸೊಗಡವರೆ:

ನಮ್ಮ ಚಿಕ್ಕಪ್ಪನ ಮನೆ ಖಾಲಿ ಇದೆ. ಪೇಟೆಗೆ ನಾಲ್ಕು ಕಿಲೋಮೀಟರ್. ಎರಡು ರೂಮು, ಹೆಂಚಿನ ಮನೆ. ಬೆಟ್ಟ ಕಾಣಲ್ಲ, ಎದುರಿಗೆ ಹಾಲಿನ ಡೇರಿ. ಅಮ್ಮನನ್ನೂ ಕರೆದುಕೊಂಡು ಬನ್ನಿ ಸಾರ್, ಬಾಗೇಪಲ್ಲಿಯವರು ಅಂದರೆ ತೆಲುಗು ಚೆನ್ನಾಗಿ ಬರುತ್ತಲ್ವಾ, ನಿಮಗಿಂತ ಬೇಗ ಹೊಂದಿಕೊಳ್ಳುತ್ತಾರೆ.

ರಾಜಾಜಿನಗರದವ:

ಇದನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಲ್ಲಿ ಮನೆ ಒಳಗಿದೆಯಾ ಬೀದಿಯಲ್ಲಾ ಅಂತ ಕೇಳು ಅಂದರು.