ಹಳೆಯ ಚಿತ್ರಗಳ ಹಕ್ಕು ಯಾರದು? ವಕೀಲರಿಗೆ ನಮ್ಮ ಬಳಗದ ಪ್ರಶ್ನೆಗಳು

ನಿರ್ವಾಹಕರು: ಕೃತಿಸ್ವಾಮ್ಯದ ಮೊಕದ್ದಮೆಗಳನ್ನು ನಡೆಸುವ, ನಮ್ಮ ಬಳಗದವರೇ ಆದ ವಕೀಲರು ಹಳೆಯ ಕನ್ನಡ ಚಿತ್ರಗಳ ಡಿವಿಡಿ, ಟಿವಿ ಪ್ರಸಾರ ಮತ್ತು ಯೂಟ್ಯೂಬ್ ಕುರಿತ ಪ್ರಶ್ನೆಗಳಿಗೆ ಇಂದು ಸಂಜೆಯವರೆಗೆ ಉತ್ತರಿಸಲು ಒಪ್ಪಿದ್ದಾರೆ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಬೇಕೆಂದು ವಿನಂತಿ.

ಮೈಸೂರಿನ ಸದಸ್ಯರು: 1954ರ ‘ಬೇಡರ ಕಣ್ಣಪ್ಪ’, 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಿತ್ರಗಳನ್ನು ಈಗ ಯಾರು ಬೇಕಾದರೂ ಡಿವಿಡಿ ಮಾಡಬಹುದೇ?

ವಕೀಲರು: ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು, ಅದು ಬಿಡುಗಡೆಯಾದ ವರ್ಷದ ಮುಂದಿನ ಜನವರಿಯಿಂದ ಎಣಿಸಿ 60 ವರ್ಷ ಇರುತ್ತದೆ. ಮೊದಲನೆಯದರ ಅವಧಿ 2014ರ ಕೊನೆಗೂ, ಎರಡನೆಯದರ ಅವಧಿ 2024ರ ಕೊನೆಗೂ ಮುಗಿದಿದೆ. ಹಾಡುಗಳ ಸಾಹಿತ್ಯ ಮತ್ತು ಸಂಗೀತದ ಲೆಕ್ಕ ಬೇರೆ, ಅದು ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ. ಡಿವಿಡಿ ಒತ್ತಿಸುವ ಮೊದಲು ಹಾಡುಗಳ ಹಕ್ಕು ಯಾರ ಕೈಯಲ್ಲಿದೆಯೆಂದು ವಿಚಾರಿಸಿರಿ.

ದಾವಣಗೆರೆಯ ಸದಸ್ಯರು: ನಾನು ಯೂಟ್ಯೂಬಿಗೆ ಏರಿಸುವ ಪ್ರತಿ ಚಿತ್ರದ ಕೆಳಗೆ ‘1976ರ ಕಾಯ್ದೆಯ 107ನೆಯ ಕಲಮಿನ ಪ್ರಕಾರ ನ್ಯಾಯಯುತ ಬಳಕೆ, ಹಕ್ಕು ಉಲ್ಲಂಘನೆಯ ಉದ್ದೇಶವಿಲ್ಲ’ ಎಂದು ಹಾಕುತ್ತೇನೆ. ಇದು ಬಲವಾದ ರಕ್ಷಣೆಯೆಂದು ಇನ್ನೊಂದು ಗುಂಪಿನಲ್ಲಿ ಬಂದಿತ್ತು.

ವಕೀಲರು: ಅದು ಅಮೆರಿಕದ ಕಾಯ್ದೆ. ದಾವಣಗೆರೆಯಲ್ಲಿ ಕುಳಿತು ಅದನ್ನು ಅಂಟಿಸುವುದರಿಂದ ಯಾವ ರಕ್ಷಣೆಯೂ ಇಲ್ಲ. ಇಡೀ ಚಿತ್ರವನ್ನು ಏರಿಸಿದವರಿಗೆ ಆ ದೇಶದಲ್ಲಿಯೂ ಆ ಸಾಲು ನೆರವಾಗದು. ನಮ್ಮಲ್ಲಿ ತಿಳಿದೂ ತಿಳಿದೂ ಮಾಡಿದ ಉಲ್ಲಂಘನೆಗೆ 63ನೆಯ ಕಲಮಿನಡಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸವೂ, 50,000ದಿಂದ 2 ಲಕ್ಷದವರೆಗೆ ದಂಡವೂ ಇದೆ.

ಹಾಸನದ ಸದಸ್ಯರು: 1965ರ ‘ಸತ್ಯ ಹರಿಶ್ಚಂದ್ರ’ ಮುಕ್ತವಾಗಿದೆಯೇ? ಬಣ್ಣ ಹಚ್ಚಿ 2008ರಲ್ಲಿ ಬಿಟ್ಟ ಪ್ರತಿಯ ಹಕ್ಕು ಬೇರೆಯೇ?

ವಕೀಲರು: 65ಕ್ಕೆ 60 ಕೂಡಿಸಿರಿ. ಸೂತ್ರ ಮೇಲಿದೆ.

ತಿಪಟೂರಿನ ಸದಸ್ಯೆ: ಸರ್, ನಮ್ಮ ತಾತ ಇನ್ನಿಬ್ಬರ ಪಾಲುದಾರಿಕೆಯಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರ 1968ರಲ್ಲಿ ಬಿಡುಗಡೆಯಾಗಿತ್ತು. ಕಳೆದ ತಿಂಗಳು ಅಟ್ಟದ ಟ್ರಂಕಿನಲ್ಲಿ ಏಳು ತಗಡಿನ ಡಬ್ಬಗಳೂ ಒಂದು ಕಾಗದದ ಕಟ್ಟೂ ಸಿಕ್ಕವು. ಡಬ್ಬ ತೆರೆದರೆ ಕಣ್ಣಲ್ಲಿ ನೀರು ಬರುವಷ್ಟು ಹುಳಿ ಘಾಟು. ಕಟ್ಟಿನಲ್ಲಿ, ಮೈಸೂರು ರಾಜ್ಯದಲ್ಲಿ ಐದು ವರ್ಷ ಪ್ರದರ್ಶಿಸಲು ಹಂಚಿಕೆದಾರರೊಬ್ಬರಿಗೆ ಕೊಟ್ಟ 1969ರ ಕರಾರು ಇದೆ. ‘ವಿಡಿಯೋ ಹಕ್ಕಿನ ಬಾಬ್ತು ರೂ. 4,000 ಸಂದಿದೆ’ ಎಂದು ದೊಡ್ಡಪ್ಪ ಸಹಿ ಹಾಕಿದ 1987ರ ರಸೀದಿಯೂ ಇದೆ. ಈಗ ಒಬ್ಬರು 25,000 ರೂಪಾಯಿ ಕೊಟ್ಟು, ಇರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳ ಹಕ್ಕನ್ನು 99 ವರ್ಷಕ್ಕೆ ಬರೆಸಿಕೊಳ್ಳಲು ಶುಕ್ರವಾರ ಛಾಪಾ ಕಾಗದ ತರುತ್ತಾರಂತೆ. ಅಮ್ಮ ಸಹಿ ಹಾಕಬಹುದೇ?

ವಕೀಲರು: ತಾಯಿ, ಶುಕ್ರವಾರ ಸಹಿ ಹಾಕಿಸಬೇಡಿರಿ.

ಮೊದಲು ತಿಳಿಯಬೇಕಾದದ್ದು, ಡಬ್ಬ ಇರುವುದು ಬೇರೆ, ಹಕ್ಕು ಇರುವುದು ಬೇರೆ. ಚಿತ್ರ ನಿರ್ಮಾಣಕ್ಕೆ ಮುಂದಾಗಿ ಹೊಣೆ ಹೊತ್ತವರನ್ನು ಕಾಯ್ದೆ ನಿರ್ಮಾಪಕರೆಂದು ಕರೆಯುತ್ತದೆ, ಹಕ್ಕು ಅವರಿಂದಲೇ ಹೊರಡುತ್ತದೆ. ಪಾಲುದಾರಿಕೆಯ ಸಂಸ್ಥೆಯಾಗಿದ್ದರೆ ಮೂವರ ವಾರಸುದಾರರಿಗೂ ಅದರಲ್ಲಿ ಪಾಲು ಇರಬಹುದು, ನಿಮ್ಮ ತಾಯಿಯವರೊಬ್ಬರ ಸಹಿಯಿಂದ ಇಡೀ ಹಕ್ಕು ಕೈದಾಟುವುದಿಲ್ಲ. ಆದರೆ ನಾಳೆ ಉಳಿದ ಎರಡು ಮನೆಯವರು ತಕರಾರು ತೆಗೆದರೆ ಉತ್ತರ ಹೇಳಬೇಕಾದವರು ನಿಮ್ಮ ತಾಯಿಯವರೇ ಆಗುತ್ತಾರೆ. 1969ರ ಕರಾರು ಪ್ರದರ್ಶನಕ್ಕೆ ಮಾತ್ರ ಕೊಟ್ಟದ್ದು, ಅವಧಿಯೂ ಮುಗಿದಿದೆ, ಅದನ್ನು ಬಿಡಿರಿ. ನನ್ನನ್ನು ಕಾಡುವುದು 1987ರ ರಸೀದಿ. ದೊಡ್ಡಪ್ಪನವರು ಪಾಲುದಾರರಾಗಿದ್ದರೇ? ಆ ಹೊತ್ತಿಗೆ ತಾತ ಬದುಕಿದ್ದರೇ? ಪಾಲುದಾರರೊಬ್ಬರು ತೀರಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಸಂಸ್ಥೆ ಅಲ್ಲಿಗೇ ವಿಸರ್ಜನೆಯಾಗುತ್ತದೆ. ಅಂದು ವಿಡಿಯೋ ಎಂದರೆ ಕ್ಯಾಸೆಟ್ಟು; ಆ ಒಂದು ಸಾಲನ್ನು ಹಿಡಿದು ಇಂದಿನ ಯೂಟ್ಯೂಬಿನ ಹಕ್ಕು ಕೇಳುವವರು ಬಂದರೆ ರಸೀದಿಯ ಹಿಂದಿನ ಮೂಲ ಕರಾರನ್ನು ತೋರಿಸಿರೆಂದು ಹೇಳಬೇಕು.

ಇನ್ನು 99 ವರ್ಷದ ಮಾತು. 1968ರ ಚಿತ್ರದ ಹಕ್ಕು 2028ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಇಲ್ಲದ ಹಕ್ಕನ್ನು 99 ವರ್ಷಕ್ಕೆ ಯಾರೂ ಕೊಳ್ಳಲಾರರು. ಅವರಿಗೆ ಬೇಕಾಗಿರುವುದು ಬಹುಶಃ ಡಬ್ಬಗಳು. ‘ಮುಂದೆ ಬರುವ ಎಲ್ಲ ಮಾಧ್ಯಮ’ ಎಂಬ ಗೋಣಿಚೀಲದಂಥ ಮಾತಿಗೂ 2012ರ ತಿದ್ದುಪಡಿಯ ನಂತರ ಬೆಲೆಯಿಲ್ಲ, ಕರಾರು ಬರೆಯುವ ಹೊತ್ತಿಗೆ ಬಳಕೆಯಲ್ಲಿರದ ಮಾಧ್ಯಮವನ್ನು ಹೆಸರಿಸಿ ಬರೆಯದಿದ್ದರೆ ಅದು ಕರಾರಿನೊಳಗೆ ಸೇರುವುದಿಲ್ಲ.

ಡಬ್ಬದ ಕಸುಬು ನನ್ನದಲ್ಲ, ಆದರೂ ಹೇಳುತ್ತೇನೆ. ಆ ಹುಳಿ ವಾಸನೆ ಅಸಿಟೇಟ್ ಫಿಲ್ಮು ಕೊಳೆಯುತ್ತಿರುವುದರ ಗುರುತು, ಪಕ್ಕದ ಸುರುಳಿಗೂ ತಗಲುತ್ತದೆ. ತಂಪಾದ, ಒಣಗಿದ ಜಾಗದಲ್ಲಿ ಬೇರೆ ಇಡಿರಿ, ಪ್ರೊಜೆಕ್ಟರಿಗೆ ಏರಿಸಬೇಡಿರಿ. ಎರಡೂವರೆ ಗಂಟೆಯ ಚಿತ್ರಕ್ಕೆ ಸುಮಾರು 13,500 ಅಡಿ ಫಿಲ್ಮು ಬೇಕು, ಡಬ್ಬಗಳು ಸಾವಿರ ಅಡಿಯವಾದರೆ ನಿಮ್ಮಲ್ಲಿರುವುದು ಅರ್ಧ ಚಿತ್ರ ಮಾತ್ರ. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಂಡರೆ ಅದು ನೆಗೆಟಿವ್, ತಕ್ಷಣ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. ಅಲ್ಲಿ ಇಟ್ಟ ಮಾತ್ರಕ್ಕೆ ಹಕ್ಕು ಕೈಬಿಡುವುದಿಲ್ಲ.

ಶಿವಮೊಗ್ಗದ ಸದಸ್ಯರು: ತಿಪಟೂರಿನ ಮೇಡಂ, ನಮಗೆ ಬಂದ ಸಂದೇಶದಲ್ಲಿ, ರೀಲನ್ನು ಒಂದು ದಿನ ಬಿಸಿಲಿಗೆ ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಒರೆಸಿ, ನುಸಿಗುಳಿಗೆ ಹಾಕಿ ಮುಚ್ಚಿಟ್ಟರೆ ವಾಸನೆ ಹೋಗುತ್ತದೆ ಎಂದಿದೆ.

ವಕೀಲರು: ಅದು ಸಂಡಿಗೆ ಒಣಗಿಸುವ ಕ್ರಮ. ಬಿಸಿಲಿಗೆ ಹಾಕಿದರೆ ಸುರುಳಿ ಇನ್ನಷ್ಟು ಬೇಗ ಮುದುಡುತ್ತದೆ. ಈ ಸಂದೇಶವನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸಿರಿ.

ಬೆಂಗಳೂರಿನ ಸಂಗ್ರಾಹಕರು: ಪುಣೆಗೆ ಕೊಟ್ಟರೆ ನಾವು ಯಾರೂ ನೋಡುವಂತಿಲ್ಲ. ನನ್ನಲ್ಲಿ 16 ಎಂ.ಎಂ. ಪ್ರಿಂಟುಗಳಿವೆ, ಮನೆಯಲ್ಲಿಯೇ ಚೆನ್ನಾಗಿವೆ.

ಹಾಸನದ ಸದಸ್ಯರು: ತಮ್ಮ ಮನೆಯಲ್ಲಿದ್ದರೂ ಯಾರೂ ನೋಡಿದಂತಿಲ್ಲವಲ್ಲ, ಸ್ವಾಮಿ. ಪುಣೆಯಲ್ಲಿ ನೆಗೆಟಿವ್ ಉಳಿದಿತ್ತೆಂದೇ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ಸಿನಲ್ಲಿ ತೆರೆ ಕಂಡಿತು. ನಮ್ಮ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿಯಲಿಲ್ಲ.

ಬೆಂಗಳೂರಿನ ಸಂಗ್ರಾಹಕರು: ಅದನ್ನು ಕಳೆದವನು ನಾನಲ್ಲ. ಗುಜರಿಯಿಂದ ಸ್ವಂತ ದುಡ್ಡಿನಲ್ಲಿ ಬಿಡಿಸಿ ತಂದವನಿಗೆ ಈ ಮಾತೇ?

ಹಾಸನದ ಸದಸ್ಯರು: ಬಿಡಿಸಿ ತಂದದ್ದಕ್ಕೆ ನಮಸ್ಕಾರ. ಬೀಗ ಹಾಕಿದ್ದಕ್ಕೆ ಇಲ್ಲ.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಬೇಕು.

ಮಂಗಳೂರಿನ ಸದಸ್ಯೆ: 1996ರಲ್ಲಿ ದೂರದರ್ಶನದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಚಿತ್ರಗಳನ್ನು ಹಂಚಬಹುದೇ?

ವಕೀಲರು: ಪ್ರಸಾರಕ್ಕೆ ಪ್ರತ್ಯೇಕವಾದ 25 ವರ್ಷದ ಹಕ್ಕು ಇದೆ, 1996ರದು 2021ರ ಕೊನೆಗೆ ಮುಗಿದಿದೆ. ಚಿತ್ರದ ಹಕ್ಕು ಉಳಿದಿದ್ದರೆ ಹಂಚುವಂತಿಲ್ಲ.

ತುಮಕೂರಿನ ಸದಸ್ಯರು: ಟಿವಿಯವರು ಹಳೆಯ ಚಿತ್ರದ ಹಾಡುಗಳನ್ನು ಕತ್ತರಿಸಿ ಪ್ರಸಾರ ಮಾಡುತ್ತಾರಲ್ಲ, ಅದನ್ನು ಪ್ರಶ್ನಿಸಬಹುದೇ?

ಕಲಬುರಗಿಯ ಸದಸ್ಯರು: 30 ಸೆಕೆಂಡಿನ ತುಣುಕಿಗೆ ಅಡ್ಡಿಯಿಲ್ಲವಂತೆ, ನಿಜವೇ?

ವಕೀಲರು: ಕಾಯ್ದೆಯಲ್ಲಿ ಸೆಕೆಂಡುಗಳ ಲೆಕ್ಕವೇ ಇಲ್ಲ.

ದಾವಣಗೆರೆಯ ಸದಸ್ಯರು: ಹಾಗಾದರೆ 10 ಸೆಕೆಂಡು?

ವಕೀಲರು: ಮೇಲಿನ ಉತ್ತರವೇ.

ದಾವಣಗೆರೆಯ ಸದಸ್ಯರು: ಕೇಳಿದ್ದಕ್ಕೆ ಇಷ್ಟು ಸಿಡುಕಬೇಕಾಗಿರಲಿಲ್ಲ.

ತಿಪಟೂರಿನ ಸದಸ್ಯೆ: ಸರ್, ತಾತ ತೀರಿಕೊಂಡದ್ದು 1983ರಲ್ಲಿ. ದೊಡ್ಡಪ್ಪ ಪಾಲುದಾರರಾಗಿರಲಿಲ್ಲ. ಒಂದು ಡಬ್ಬದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದೆ, ನಾಯಕಿಯ ಜಡೆ ಬೆಳ್ಳಗೆ, ಮುಖ ಕಪ್ಪಗೆ ಕಾಣುತ್ತಿದೆ.

ವಕೀಲರು: ಅದು ನೆಗೆಟಿವ್. ಡಬ್ಬ ಮುಚ್ಚಿ ಹಾಗೆಯೇ ಇಡಿರಿ, ಪಾಲುದಾರಿಕೆಯ ಪತ್ರ ಹುಡುಕಿರಿ, ಇಂದೇ ರಾತ್ರಿ ನನಗೆ ಪ್ರತ್ಯೇಕವಾಗಿ ಬರೆಯಿರಿ. ಉಳಿದವರ ಪ್ರಶ್ನೆಗಳು ಇನ್ನೊಂದು ದಿನ.