ಎಲ್‌ಸಿಬಿ ಕಾಸ್ಟಿಂಗ್, ಮೈನಸ್ 46 ಡಿಗ್ರಿ ಚಾರ್ಪಿ: ಎರಡು ಲ್ಯಾಬ್, ಎರಡು ರಿಪೋರ್ಟ್. ಯಾವುದನ್ನು ನಂಬಬೇಕು?

ತಾರಿಹಾಳ ಟರ್ನರ್:
ಹುಬ್ಬಳ್ಳಿಯಲ್ಲಿ ವಾಲ್ವ್ ಬಾಡಿ ಮಷೀನಿಂಗ್ ಮಾಡುತ್ತೇವೆ. ಈ ಸಲದ ಪಾರ್ಟಿ ಎ352 ಎಲ್‌ಸಿಬಿ (ತೀರಾ ತಣ್ಣಗಿನ ಕೆಲಸಕ್ಕೆ ಬಳಸುವ ಎರಕದ ಉಕ್ಕು) ಕೇಳಿದ್ದಾರೆ, ಮೈನಸ್ 46 ಡಿಗ್ರಿಯಲ್ಲಿ ಚಾರ್ಪಿ ಇಂಪ್ಯಾಕ್ಟ್ ಟೆಸ್ಟ್ ಬೇಕಂತೆ, ಅಂದರೆ ಪೀಸನ್ನು ಹ್ಯಾಮರ್‌ನಿಂದ ಒಡೆದು ಅದು ಎಷ್ಟು ಜೌಲ್ ಶಕ್ತಿ ಹೀರಿತು ಎಂದು ನೋಡುವುದು. ಒಂದೇ ಹೀಟ್‌ನ (ಒಂದೇ ಸಲ ಕರಗಿಸಿ ಎರೆದ ಉಕ್ಕಿನ) ಟೆಸ್ಟ್ ಬಾರ್ ಎರಡು ಕಡೆ ಕೊಟ್ಟೆ. ಒಂದು ಲ್ಯಾಬ್: 34, 29, 31 ಜೌಲ್. ಇನ್ನೊಂದು: 19, 11, 16. ಮೊದಲನೇದನ್ನೇ ಪಾರ್ಟಿಗೆ ಕಳಿಸಿದರೆ ಆಯ್ತು ಅಲ್ವಾ? ಕಾಲೇಜ್ ಲ್ಯಾಬಿನಲ್ಲಿ ಮಾಡಿಸಿದ ಇಝೋಡ್ (ಇನ್ನೊಂದು ಬಗೆಯ ಇಂಪ್ಯಾಕ್ಟ್ ಟೆಸ್ಟ್) ರಿಪೋರ್ಟೂ ಇದೆ, ಚೆನ್ನಾಗಿಯೇ ಬಂದಿದೆ.

ಗದಗ ಫೌಂಡ್ರಿ:
ಇಝೋಡ್ ಮರೆತುಬಿಡಿ. ಅದರಲ್ಲಿ ಪೀಸನ್ನು ವೈಸ್‌ನಲ್ಲಿ ನಿಲ್ಲಿಸಿ ಬಿಗಿಯಬೇಕು. ಬಿಗಿಯುವಷ್ಟರಲ್ಲಿ ತಣ್ಣಗಿದ್ದದ್ದು ಬಿಸಿಯಾಗಿರುತ್ತದೆ. ಚಾರ್ಪಿಯಲ್ಲಿ ಸುಮ್ನೆ ಸಪೋರ್ಟ್ ಮೇಲೆ ಇಟ್ಟು ಹ್ಯಾಮರ್ ಬಿಟ್ಟರೆ ಮುಗಿಯಿತು.

ಲ್ಯಾಬ್ ಕಾಕಾ:
ತಡೀರಿ, ಏನೂ ಕಳಿಸಬೇಡಿ. ಎಲ್‌ಸಿಬಿಗೆ ಮೂರರ ಸರಾಸರಿ 18 ಜೌಲ್ ಬೇಕು, ಯಾವ ಒಂದು ಪೀಸೂ 14ಕ್ಕಿಂತ ಕೆಳಗೆ ಹೋಗಬಾರದು. ಎರಡನೇ ರಿಪೋರ್ಟ್ ಎರಡರಲ್ಲೂ ಫೇಲ್. ಆದರೆ ನನಗೆ ಅನುಮಾನ ಇರುವುದು ಮೊದಲನೇದರ ಮೇಲೆ.

ಯಾಕೆಂದರೆ ಈ ಟೆಸ್ಟಿನಲ್ಲಿ ಉದಾಸೀನ ಮಾಡಿದರೆ ಹೆಚ್ಚಾಗಿ ರೀಡಿಂಗ್ ಮೇಲಕ್ಕೇ ಏರುತ್ತದೆ. ನಾಚ್ (ಪೀಸಿನಲ್ಲಿ ಕೊರೆದ ವಿ ಆಕಾರದ ಕಚ್ಚು) 2 ಮಿ.ಮೀ. ಆಳ, 45 ಡಿಗ್ರಿ, ಬುಡದಲ್ಲಿ 0.25 ಮಿ.ಮೀ. ರೇಡಿಯಸ್ ಇರಬೇಕು. ಬ್ರೋಚ್ (ನಾಚ್ ಕೊರೆಯುವ ಟೂಲ್) ಸವೆದರೆ ಬುಡ ಮೊಂಡಾಗುತ್ತದೆ, ಬಿರುಕು ಬೇಗ ಏಳುವುದಿಲ್ಲ, ಜೌಲ್ ಜಾಸ್ತಿ ತೋರಿಸುತ್ತದೆ. ಕಣ್ಣಿಗೆ ಇದು ಕಾಣುವುದಿಲ್ಲ. ಪ್ರೊಫೈಲ್ ಪ್ರೊಜೆಕ್ಟರ್ (ಆಕಾರವನ್ನು ದೊಡ್ಡದಾಗಿ ತೋರಿಸುವ ಯಂತ್ರ) ಮೇಲೆ ಹಾಕಿದರೆ ಗೊತ್ತಾಗುತ್ತದೆ.

ಇನ್ನೊಂದು ಟೆಂಪರೇಚರ್. ಆಲ್ಕೋಹಾಲ್, ಡ್ರೈ ಐಸ್ ಬಾತ್‌ನಲ್ಲಿ ಕನಿಷ್ಠ 5 ನಿಮಿಷ ಇರಬೇಕು. ಹೊರಗೆ ತೆಗೆದ 5 ಸೆಕೆಂಡಿನೊಳಗೆ ಹ್ಯಾಮರ್ ಬೀಳಬೇಕು. ಇಕ್ಕಳವೂ ಅದೇ ಬಾತ್‌ನಲ್ಲಿ ತಣ್ಣಗಾಗಿರಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಒಣ ಇಕ್ಕಳದಿಂದ ಹಿಡಿದು, ಸೆಂಟರ್ ಮಾಡ್ತಾ ನಿಂತರೆ ಅದು ಮೈನಸ್ 46ರ ಟೆಸ್ಟೇ ಅಲ್ಲ. ಪಾಸ್ ಮಾತ್ರ ಆಗುತ್ತದೆ!

ಎರಡೂ ಕಡೆಯಿಂದ ಒಡೆದ ಪೀಸ್ ತರಿಸಿ ಪಕ್ಕಪಕ್ಕ ಇಡಿ. ಗಟ್ಟಿ ತಾಳಿಕೆಯ ಉಕ್ಕು ಮಂಕು ಬೂದಿ ಬಣ್ಣದಲ್ಲಿ ಹರಿದಿರುತ್ತದೆ, ಅಂಚು ಉಬ್ಬಿರುತ್ತದೆ. ಬ್ರಿಟಲ್ (ಪೆಡಸು) ಆಗಿದ್ದರೆ ಸಕ್ಕರೆ ಹರಳಿನಂತೆ ಮಿನುಗುತ್ತದೆ.

ಹಾವೇರಿ ಫಿಟ್ಟರ್:
ಸ್ಟ್ರೈಕರ್ (ಹ್ಯಾಮರ್‌ನ ಹೊಡೆಯುವ ತುದಿ) ಬೇರೆ ಇರಬಹುದಲ್ವಾ? ಎಎಸ್‌ಟಿಎಂ ಸ್ಟ್ಯಾಂಡರ್ಡ್‌ನಲ್ಲಿ ಅದರ ರೇಡಿಯಸ್ 8 ಮಿ.ಮೀ., ಐಎಸ್‌ಒ ಸ್ಟ್ಯಾಂಡರ್ಡ್‌ನಲ್ಲಿ 2 ಮಿ.ಮೀ. ಕೂಡ ಇದೆ.

ಲ್ಯಾಬ್ ಕಾಕಾ:
ಇರಬಹುದು, ರಿಪೋರ್ಟಿನಲ್ಲಿ ಬರೆದಿರಬೇಕು. ಆದರೆ ಇಷ್ಟು ಕಡಿಮೆ ಜೌಲ್‌ನಲ್ಲಿ ಅದರಿಂದ ಅರ್ಧಕ್ಕರ್ಧ ವ್ಯತ್ಯಾಸ ಬರುವುದಿಲ್ಲ.

ತಾರಿಹಾಳ ಟರ್ನರ್:
ಮೊದಲನೇ ಲ್ಯಾಬ್‌ನವರು ಪೀಸ್ ಎಸೆದುಬಿಟ್ಟಿದ್ದಾರೆ. ಎರಡನೇ ಕಡೆಯವರು ಪೀಸನ್ನೇ ಕೊಟ್ಟರು, ಜೊತೆಗೆ ನಾಚ್ ಚೆಕ್ ಮಾಡಿದ ಶೀಟೂ ಇತ್ತು. ಮೂರೂ ಪೂರ್ತಿ ಮಿನುಗುತ್ತಿವೆ, ಅಂಚು ನೆಟ್ಟಗಿದೆ. ಈಗ ಲಾಟ್ ಸ್ಕ್ರ್ಯಾಪಾ?

ಲ್ಯಾಬ್ ಕಾಕಾ:
ಈಗಲೇ ಬೇಡ. ಫೌಂಡ್ರಿಯಿಂದ ಆ ಹೀಟ್‌ನ ಫರ್ನೇಸ್ ಚಾರ್ಟ್ ಕೇಳಿ. ಹೀಟ್ ಟ್ರೀಟ್‌ಮೆಂಟ್ ಸರಿಯಾಗದೆ ಗ್ರೇನ್ (ಉಕ್ಕಿನೊಳಗಿನ ಹರಳು) ದಪ್ಪ ಉಳಿದಿದ್ದರೆ ಮತ್ತೆ ಕ್ವೆಂಚ್ (ಕಾಯಿಸಿ ತಟ್ಟನೆ ತಣಿಸುವುದು), ಟೆಂಪರ್ (ಆಮೇಲೆ ಹದವಾಗಿ ಕಾಯಿಸುವುದು) ಮಾಡಿಸಿ ಮರುಟೆಸ್ಟ್ ಮಾಡಬಹುದು. ಉಳಿದ ಟೆಸ್ಟ್ ಬಾರ್‌ಗಳನ್ನು ಬಾಡಿಗಳ ಜೊತೆಗೇ ಅದೇ ಫರ್ನೇಸಿಗೆ ಹಾಕಿಸಿ. ಬಾರ್ ಒಂದನ್ನೇ ಬೇಯಿಸಿ ತಂದರೆ ಒಪ್ಪಬೇಡಿ.