ಸಹಾಯ ಬೇಕು: ಪೋನಿಯ (ಗಿಡ್ಡ ಕುದುರೆ) ಮೈಮೇಲೆ ಹಕ್ಕಳೆ, ಜೊತೆಗೆ ಹುಳುಕಡ್ಡಿಯೂ (ಫಂಗಸ್ ಸೋಂಕು) ಇದೆಯಾ?

ತೀರ್ಥಹಳ್ಳಿ ಕಡೆ, ಆರು ವರ್ಷದ ಹೆಣ್ಣು ಪೋನಿ. ಮಳೆ ಹಿಡಿದ ಮೇಲೆ ಬೆನ್ನು, ಸೊಂಟದ ತುಂಬ ಹಕ್ಕಳೆ ಕಟ್ಟಿದೆ. ಕಿತ್ತರೆ ಕುಂಚದ ಹಾಗೆ ಕೂದಲು ಗೊಂಚಲಾಗಿ ಬರುತ್ತೆ, ಅಡಿಯಲ್ಲಿ ಗುಲಾಬಿ ಚರ್ಮ, ಸ್ವಲ್ಪ ಕೀವು. ತುರಿಕೆ ಇಲ್ಲ, ಮುಟ್ಟಿದರೆ ಬೆನ್ನು ಕುಗ್ಗಿಸುತ್ತೆ. ಇಷ್ಟು ನೋಡಿದ್ರೆ ಡರ್ಮಟೋಫಿಲಸ್ ಬ್ಯಾಕ್ಟೀರಿಯಾ ಅಂತಲೇ ಲೆಕ್ಕ.

2% ಕ್ಲೋರ್‌ಹೆಕ್ಸಿಡಿನ್ (ಸೋಂಕುನಾಶಕ) ಶಾಂಪೂ ಹಚ್ಚಿ, ನೊರೆ 10 ನಿಮಿಷ ಬಿಟ್ಟು ತೊಳೆದು, ನೆನೆದು ಸಡಿಲವಾದ ಹಕ್ಕಳೆ ಮಾತ್ರ ತೆಗೆದು, ಪೂರ್ತಿ ಒಣಗುವ ಹಾಗೆ ಒರೆಸಿದ್ದಾಗಿದೆ. ವಾರಕ್ಕೆ ಮೂರು ಸಲ, ಎರಡು ವಾರ. ಕೊಟ್ಟಿಗೆ ನೆಲಕ್ಕೆ ಒಣ ದರಗು, ಬ್ರಷ್ಷು ಬೇರೆ. (ಬೇವಿನೆಣ್ಣೆ ಹಚ್ಚಿ ಅನ್ನೋರಿದ್ದಾರೆ. ಎಣ್ಣೆ ಬಳಿದರೆ ತೇವ ಒಳಗೇ ನಿಲ್ಲುತ್ತೆ, ಅದಕ್ಕೇ ಹಚ್ಚಿಲ್ಲ.)

ಬೆನ್ನು ಒಣಗ್ತಾ ಬಂತು. ಆದರೆ ಈಗ ಜೀನಿನ ಹೊಟ್ಟೆಪಟ್ಟಿ ತಾಗುವಲ್ಲಿ ನಾಲ್ಕು ದುಂಡನೆ ಬೋಳು ಮಚ್ಚೆ ಎದ್ದಿವೆ, ಬೂದಿಯಂಥ ಹೊಟ್ಟು. ಇದು ಹುಳುಕಡ್ಡಿ ಥರ ಕಾಣುತ್ತೆ. ಪಟ್ಟಿಯ ಉಜ್ಜಾಟಕ್ಕೂ ಕೂದಲು ಹೀಗೆ ಉದುರಬಹುದು.

ಮಚ್ಚೆಯ ಅಂಚಿನ ಕೂದಲನ್ನು ಫಂಗಸ್ ಪರೀಕ್ಷೆಗೆ ಶಿವಮೊಗ್ಗಕ್ಕೆ ಒಯ್ಯಬೇಕು. ಕೂದಲಲ್ಲಿ ಶಾಂಪೂ ಉಳಿದಿದ್ದರೆ ಫಂಗಸ್ ಇದ್ದೂ ಲ್ಯಾಬಿನಲ್ಲಿ ಬೆಳೆಯದೇ ಹೋಗಬಹುದು. ಹಾಗಾದ್ರೆ ಎಷ್ಟು ದಿನ ಶಾಂಪೂ ನಿಲ್ಲಿಸಿ ಸ್ಯಾಂಪಲ್ ತೆಗೆಯಬೇಕು? ಅಷ್ಟು ದಿನ ಬೆನ್ನಿಗೆ ಮಾತ್ರ ಹಚ್ಚುತ್ತಾ ಹೋಗಬಹುದಾ?